ನಟ್ಟಿನ ಮೇಲಿನ ಸೀಮೆಸುಣ್ಣದ ಗೆರೆ

ನನ್ನ ಅಂಗಿಗಳೆಲ್ಲದರ ಎಡಜೇಬಿನ ತಳ ಬೆಳ್ಳಗಾಗಿದೆ. ಬಿಳಿ ಅಂಗಿಯಲ್ಲಿ ಗೊತ್ತಾಗುವುದಿಲ್ಲ, ಬಣ್ಣದ್ದರಲ್ಲಿ ಮೊಸರು ಚೆಲ್ಲಿಕೊಂಡ ಹಾಗೆ ಕಾಣುತ್ತದೆ. ಬಟ್ಟೆ ನೆನೆಹಾಕುವ ಮೊದಲು ನನ್ನ ಹೆಂಡತಿ ಜಯಮ್ಮ ಒಂದೊಂದೇ ಜೇಬಿಗೆ ಕೈ ಹಾಕಿ, ಸೀಮೆಸುಣ್ಣದ ತುಂಡುಗಳನ್ನು ತೆಗೆದು, ಬಚ್ಚಲ ಗೋಡೆಯ ಮೇಲೆ ಸಾಲಾಗಿ ಇಡುತ್ತಾಳೆ.

"ಮೇಷ್ಟ್ರು ಅಂದ್ಮೇಲೆ ಸ್ಕೂಲಿರೋ ದಿನ ಇರ್ಲಿ. ಭಾನ್ವಾರದ ಅಂಗೀಲೂ ಯಾಕ್ರೀ?"

ಭಾನುವಾರವೂ ನಟ್ಟುಗಳು ಸಡಿಲವಾಗುತ್ತವೆ ಎಂದು ನಾನು ಹೇಳುತ್ತೇನೆ. ಅವಳು ಅದನ್ನು ಉತ್ತರವೆಂದು ಇನ್ನೂ ಒಪ್ಪಿಕೊಂಡಿಲ್ಲ.

ನಮ್ಮ ಮನೆಗೆ ಬಂದರೆ ನೀವೂ ನೋಡಬಹುದು. ಸೈಕಲ್ಲಿನ ಎರಡೂ ಚಕ್ರದ ನಟ್ಟಿನ ಮೇಲೆ ಒಂದೊಂದು ಬಿಳಿ ಗೆರೆ. ನಟ್ಟಿನಿಂದ ಶುರುವಾಗಿ ಅದರ ಕೆಳಗಿನ ಕಬ್ಬಿಣದವರೆಗೆ ನೇರವಾಗಿ ಬಂದಿರುತ್ತದೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗುತ್ತದೆ, ಕಣ್ಣಿಗೆ ಬೀಳುತ್ತದೆ. ಫ್ಯಾನಿಗೆ, ಗ್ರೈಂಡರಿಗೆ, ಬಾವಿಯ ರಾಟೆಗೆ, ಎಲ್ಲಕ್ಕೂ ಇದೆ. ನೆಂಟರೊಬ್ಬರು ಫ್ಯಾನಿನ ಮೇಲಿನ ಗೆರೆ ನೋಡಿ, ಯಾರೋ ತಿಳಿದವರು ಹೇಳಿರಬೇಕೆಂದುಕೊಂಡು, ಊರಿಗೆ ಹೋಗಿ ತಮ್ಮ ಫ್ಯಾನಿಗೂ ಒಂದು ಎಳೆದುಕೊಂಡರಂತೆ. ಜೊತೆಗೆ ಅರಿಶಿನವನ್ನೂ ಹಚ್ಚಿದರಂತೆ. ಯಾಕೆ ಎಂದು ಅವರು ಕೇಳಲಿಲ್ಲ. ಕೇಳದೆ ನಂಬುವವರನ್ನು ಕಂಡರೆ ನನಗೆ ಈಗ ಭಯ.

ನನಗೆ ಕೂತಲ್ಲಿ ಕೂರಲಾಗದ ಕಾಯಿಲೆ ಇದೆ ಎಂದು ಜಯಮ್ಮ ಎಲ್ಲರಿಗೂ ಹೇಳುತ್ತಾಳೆ. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಸಿಕ್ಕಿದರೆ ನಿಂತುಕೊಂಡೇ ಹೋಗುತ್ತೇನೆ. ಹಿಟ್ಟಿನ ಗಿರಣಿಗೆ ರಾಗಿ ತೆಗೆದುಕೊಂಡು ಹೋದರೆ ಬೆಲ್ಟಿನ ನೇರಕ್ಕೆ ನಿಲ್ಲುವುದಿಲ್ಲ. ಮದುವೆಮನೆಯಲ್ಲಿ ಎಲೆ ಮುಂದೆ ಕೂತಾಗ ತಲೆಯ ಮೇಲೆ ಫ್ಯಾನು ಕಂಡರೆ ಪಕ್ಕದವರಿಗೆ ಏನಾದರೂ ನೆಪ ಹೇಳಿ ಒಂದೆಲೆ ಆಚೆಗೆ ಸರಿಯುತ್ತೇನೆ. ಒಮ್ಮೆ ಹೀಗೆ ಸರಿದು ಸರಿದು ಹೆಣ್ಣಿನವರ ಪಂಕ್ತಿಗೆ ಹೋಗಿ ಕೂತಿದ್ದೆ.

ನಾನು ಹುಟ್ಟಿನಿಂದ ಹೀಗಿರಲಿಲ್ಲ. ಹೀಗಿದ್ದವರು ನಮ್ಮಪ್ಪ. ಕಿಕ್ಕೇರಿ ಸಂತೆಗೆ ಗಾಡಿ ಹೂಡಿದರೆ ಅಪ್ಪ ಎತ್ತಿನ ಬೆನ್ನು ಸವರಿ, ಆಮೇಲೆ ಎರಡು ಚಕ್ರದ ಹತ್ತಿರವೂ ಹೋಗಿ, ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ಸಿಕ್ಕಿಸಿರುವ ಕಡಾಣಿಯನ್ನು ಬೆರಳಿನಿಂದ ಮುಟ್ಟುತ್ತಿದ್ದರು. ನೋಡಿದರೆ ಸಾಲದು, ಮುಟ್ಟಬೇಕು. ದಾರಿಯಲ್ಲಿ ನೀರು ಕುಡಿಯಲು ನಿಲ್ಲಿಸಿದರೂ ಮತ್ತೆ ಮುಟ್ಟಬೇಕು. "ಕಡಾಣಿ ಮುಟ್ದೆ ಗಾಡಿ ಅತ್ಬ್ಯಾಡ ಕಣ್ಲಾ" ಎನ್ನುತ್ತಿದ್ದರು. ಗಾಡಿಯೊಳಗೆ ಹುಲ್ಲಿನ ಮೇಲೆ ಕೂತ ನಾನು ಮತ್ತು ನಮ್ಮಕ್ಕ ಅದನ್ನು ಅಣಕಿಸಿ ನಗುತ್ತಿದ್ದೆವು. ನಾನು ಓದಿ ಮೇಷ್ಟ್ರಾದೆ, ಲೆಕ್ಕದ ಮೇಷ್ಟ್ರು. ಲೆಕ್ಕ ಬಂದವನಿಗೆ ಕಡಾಣಿ ಮುಟ್ಟುವ ಅಗತ್ಯವಿಲ್ಲ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೇ ಕಲಿತುಕೊಂಡಿದ್ದೆ.

ಅಕ್ಕನನ್ನು ಕೊಟ್ಟಿದ್ದು ಪಾಂಡವಪುರದ ಕೆಂಪಣ್ಣನಿಗೆ. ಬಾವನದು ಸೌದೆ ಡಿಪೋ. ಕಲ್ಯಾಣಮಂಟಪಗಳಿಗೆ, ಹೋಟೆಲುಗಳಿಗೆ, ಶ್ರೀರಂಗಪಟ್ಟಣದ ಕಡೆಯ ಛತ್ರಗಳಿಗೆ ಅವನದೇ ಸೌದೆ. ನಾನು ಕ್ಯಾತನಹಳ್ಳಿಯ ಶಾಲೆಯಲ್ಲಿದ್ದೆ. ಶನಿವಾರ ಬೆಳಗಿನ ತರಗತಿ ಮುಗಿದರೆ ಸೈಕಲ್ ತುಳಿದುಕೊಂಡು ಡಿಪೋಗೆ ಬರುತ್ತಿದ್ದೆ. ಹಸಿ ಜಾಲಿಯ ವಾಸನೆ, ಹುಣಸೆ ತೊಗಟೆಯ ವಾಸನೆ, ಅಕ್ಕ ಕೊಡುವ ಮಜ್ಜಿಗೆ. ಕೆಲಸವೇನೂ ಇರಲಿಲ್ಲ, ಉಚಿತ ಸಲಹೆ ಕೊಡುವುದು ಬಿಟ್ಟರೆ.

ಡಿಪೋದ ನಡುವೆ ಕಬ್ಬಿಣದ ಒಂದು ಮೇಜು. ಮೇಜಿನ ಸೀಳಿನಿಂದ ಅರ್ಧ ಮೇಲೆದ್ದ, ಊಟದ ತಟ್ಟೆಗಿಂತ ಮೂರರಷ್ಟು ಅಗಲದ ಹಲ್ಲಿನ ಚಕ್ರ. ಅದೇ ಗರಗಸ. ದಿಮ್ಮಿಯನ್ನು ಅದಕ್ಕೆ ಒತ್ತಿ ಒಂದೂವರೆ ಅಡಿಯ ತುಂಡು ಮಾಡುವವನು ಸಿದ್ದಣ್ಣ. ಹನ್ನೊಂದು ವರ್ಷದಿಂದ ಒಂದೇ ಜಾಗದಲ್ಲಿ ನಿಂತು ಕುಯ್ದಿದ್ದ. ಅವನು ನಿಲ್ಲುವ ಕಡೆ ನೆಲ ಎರಡು ಪಾದದ ಆಕಾರಕ್ಕೆ ತಗ್ಗಾಗಿತ್ತು. ಮಳೆ ಬಂದರೆ ಆ ಎರಡು ಪಾದಗಳಲ್ಲಿ ನೀರು ನಿಂತಿರುತ್ತಿತ್ತು.

ಗರಗಸ ಓಡುತ್ತಿದ್ದುದು ಕರೆಂಟಿನ ಮೋಟರಿನಲ್ಲಿ. ಆ ವರ್ಷಗಳ ಕರೆಂಟು ನಿಮಗೂ ನೆನಪಿರಬೇಕು. ಬಂದರೆ ಬಂತು, ಹೋದರೆ ಹೋಯಿತು. ಮದುವೆಯ ತಿಂಗಳಲ್ಲಂತೂ ಬಾವ ಬಲ್ಬು ನೋಡಿಕೊಂಡೇ ಊಟ ಮಾಡುತ್ತಿದ್ದ. ಕೊನೆಗೊಂದು ದಿನ, "ಇನ್ನು ಈ ಲೈನ್‌ಮನ್ ಮಕ ನೋಡ್ಕಂಡು ಬದುಕಾಕಾಗಲ್ಲ. ಒಂದು ಅಳೇ ಟ್ರಾಕ್ಟರ್ ತರಾನ ಬಾ" ಎಂದ.

ಅದು ಕಿಕ್ಕೇರಿಯ ಆಚೆ ಒಂದು ತೋಟದ ಮನೆಯಲ್ಲಿತ್ತು. ನಾನು ಹುಡುಗನಾಗಿದ್ದಾಗ ಆ ಸೀಮೆಗೆಲ್ಲ ಮೊದಲು ಬಂದ ಟ್ರಾಕ್ಟರು ಅದೇ. ಅದನ್ನು ನೋಡಲು ನಾವು ಶಾಲೆ ತಪ್ಪಿಸಿ ಹೋಗಿದ್ದೆವು. ಆಗ ಆನೆಯ ಹಾಗೆ ಕಂಡದ್ದು ಈಗ ಎಮ್ಮೆಕರುವಿನಷ್ಟಿತ್ತು. ಬಣ್ಣ ನೀಲಿಯೋ ಬೂದಿಯೋ ಹೇಳುವಂತಿರಲಿಲ್ಲ. ಕಬ್ಬಿಣದ ಬಟ್ಟಲಿನಂಥ ಸೀಟಿನಲ್ಲಿ ಕೋಳಿಯೊಂದು ಕಾವು ಕೂತಿತ್ತು. ಕೋಳಿಯನ್ನು ಎಬ್ಬಿಸಿದರೆ ಮೊಟ್ಟೆ ಕೆಡುತ್ತದೆ ಎಂದು ಮನೆಯೊಡತಿ ನಮ್ಮನ್ನು ಹನ್ನೆರಡು ದಿನ ಕಾಯಿಸಿದಳು. ಮರಿಯಾದ ಮೇಲೆ ಟ್ರಾಕ್ಟರು ನಮ್ಮದಾಯಿತು.

ಕಿಕ್ಕೇರಿಯಿಂದ ಕೆ.ಆರ್. ಪೇಟೆಯ ಮೇಲೆ ಪಾಂಡವಪುರಕ್ಕೆ ಬರುವಷ್ಟರಲ್ಲಿ ಬೆಳಗು ಹೋಗಿ ಸಂಜೆಯಾಗಿತ್ತು. ಬಾವ ಓಡಿಸುತ್ತಿದ್ದ, ನಾನು ಹಿಂದಿನ ಕಬ್ಬಿಣದ ಮೇಲೆ ನಿಂತಿದ್ದೆ. ಏರಿನಲ್ಲಿ ಎತ್ತಿನ ಗಾಡಿಯೊಂದು ನಮ್ಮನ್ನು ಹಿಂದೆ ಹಾಕಿತು. ಗಾಡಿಯವನು ತಿರುಗಿ ನೋಡಿ, "ಅಗ್ಗ ಆಕ್ಲಾ ಗೌಡ್ರೆ? ಎಳ್ಕಂಡೋಯ್ತೀನಿ" ಎಂದ. ಬಾವ ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಹೊಂದಿಸುವ ಕೆಲಸ. ಹಳೇ ಪುಟ್ಟ ಟ್ರಾಕ್ಟರಿಗೂ ಗರಗಸಕ್ಕೂ ಜೋಡಿ ಮಾಡುವುದೆಂದರೆ ಜಾತಕ ಕೂಡಿಸಿದ ಹಾಗೆ ಎಂದು ಬಾವ ಎಲ್ಲರೆದುರು ಹೇಳಿದ. "ಜೋಯಿಸ್ರು ನಮ್ ಮನೇಲೇ ಅವ್ರೆ" ಎಂದು ನನ್ನನ್ನು ತೋರಿಸಿದ. ನಾನು ಹಿಗ್ಗಿದೆ.

ವಿಷಯ ಸರಳ. ಗರಗಸ ನಿಧಾನವಾಗಿ ತಿರುಗಿದರೆ ಮರವನ್ನು ಕಚ್ಚಿಕೊಂಡು ನಿಲ್ಲುತ್ತದೆ, ಅತಿ ವೇಗವಾದರೆ ಸಿಡಿಯುತ್ತದೆ. ಮೋಟರಿನಲ್ಲಿ ಓಡುವಾಗ ಎಷ್ಟಿತ್ತೋ ಟ್ರಾಕ್ಟರಿನಲ್ಲೂ ಅಷ್ಟೇ ಬರಬೇಕು. ನಾನು ಮೋಟರಿನ ತಗಡಿನ ಮೇಲೆ ಕೆತ್ತಿದ್ದ, ನಿಮಿಷಕ್ಕೆ ಇಷ್ಟು ಸುತ್ತು ಎಂಬ ಸಂಖ್ಯೆಯನ್ನು ಬರೆದುಕೊಂಡೆ. ಪುಲ್ಲಿಗಳಿಗೆ ದಾರ ಸುತ್ತಿ ಅಳೆದೆ, ಒಂದು ಸಲ ಅಲ್ಲ, ಮೂರು ಸಲ. ಟ್ರಾಕ್ಟರಿನ ಹಿಂದಿನ ಶಾಫ್ಟು ಒಂದು ಸುತ್ತು ಸುತ್ತಿದರೆ ಗರಗಸ ಎರಡು ಸುತ್ತಬೇಕು ಎಂದು ಲೆಕ್ಕ ಬಂತು. ಗರಗಸದ ಪುಲ್ಲಿ ಎಂಟಿಂಚು. ಹಾಗಾದರೆ ಟ್ರಾಕ್ಟರಿಗೆ ಹದಿನಾರಿಂಚಿನ ಪುಲ್ಲಿ ಬೇಕು. ಈ ಲೆಕ್ಕದಲ್ಲಿ ಇಂದಿಗೂ ತಪ್ಪಿಲ್ಲ. ಎಷ್ಟೋ ಸಲ ಮತ್ತೆ ಮಾಡಿ ನೋಡಿದ್ದೇನೆ.

ಹದಿನಾರಿಂಚಿನ ಪುಲ್ಲಿ ಸಿಕ್ಕಿದ್ದು ಕ್ಯಾತನಹಳ್ಳಿಯ ಒಂದು ಆಲೆಮನೆಯಲ್ಲಿ. ಕಬ್ಬಿನ ಗಾಣಕ್ಕೆ ಇಂಜಿನ್ ಹೂಡುವ ಬೋರಣ್ಣ ಎಂಬಾತ ತನ್ನ ಹಳೆಯ ಪುಲ್ಲಿಯನ್ನೂ ಬೆಲ್ಟನ್ನೂ ಕೊಟ್ಟ. ಕೊಟ್ಟಿದ್ದಲ್ಲದೆ ಹೂಡಿಕೊಡಲು ತಾನೇ ಬಂದ. ಅವನು ಬಾರದೆ ಇದ್ದಿದ್ದರೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹಾಗೆ ಯೋಚಿಸುವುದು ನ್ಯಾಯವಲ್ಲ, ಅದೂ ಗೊತ್ತು.

ಆ ಶನಿವಾರ ನಾನು ಶಾಲೆಯಿಂದ ಬಂದಾಗ ಹನ್ನೊಂದೂವರೆ. ಜೇಬಿನಲ್ಲಿ ಸೀಮೆಸುಣ್ಣ ಉಳಿದುಕೊಂಡಿತ್ತು. ನಾಗಮಂಗಲದ ಒಂದು ಮದುವೆಗೆ ಒಂದು ಲಾರಿ ಸೌದೆ ಹೋಗಬೇಕಾಗಿತ್ತು. ನಾಲ್ಕು ಗಂಟೆಗೆ ಲಾರಿ ಬರುತ್ತದೆ, ಅಡಿಗೆ ಭಟ್ಟರು ಸಂಜೆಗೇ ಒಲೆ ಹಚ್ಚುತ್ತಾರೆ, ಇನ್ನೂ ಅರ್ಧ ಲಾರಿಯಷ್ಟು ದಿಮ್ಮಿ ಹಾಗೇ ಬಿದ್ದಿದೆ. ಬಾವ ಕೂತಲ್ಲಿ ಕೂರುತ್ತಿರಲಿಲ್ಲ. ಟವೆಲ್ಲನ್ನು ಹೆಗಲಿಂದ ತೆಗೆದು ತಲೆಗೆ, ತಲೆಯಿಂದ ತೆಗೆದು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ.

ಟ್ರಾಕ್ಟರನ್ನು ಕಾಂಪೌಂಡಿಗೆ ತಾಗಿಸಿ ಒಂದೇ ಕಡೆ ನಿಲ್ಲಿಸಲು ಸಾಧ್ಯವಿತ್ತು, ಅಲ್ಲೇ ನಿಲ್ಲಿಸಿದರು. ಬೆಲ್ಟು ಹಾಕಿದರು. ಮೊದಲ ದಿಮ್ಮಿ, ನೀಲಗಿರಿ, ಬೆಣ್ಣೆಯ ಹಾಗೆ ಕುಯ್ದು ಬಿತ್ತು. ಬಾವ ನನ್ನ ಬೆನ್ನು ತಟ್ಟಿದ. ಎರಡನೆಯದು ಹುಣಸೆ. ಹಲ್ಲು ಮರಕ್ಕೆ ಕೂತ ಕೂಡಲೇ ಬೆಲ್ಟು ಜಾರಿತು. ಟ್ರಾಕ್ಟರು ಓಡುತ್ತಲೇ ಇದೆ, ಗರಗಸ ನಿಂತಿದೆ.

"ಅಂಗಾಕುದ್ರೆ ಜಾರ್ದೆ ಇನ್ನೇನು?" ಎಂದ ಬೋರಣ್ಣ. "ಅಡ್ಡ ಆಕ್ಬೇಕು ಕನಾ ಕೆಂಪಣ್ಣ. ನಮ್ ಗಾಣುಕ್ಕೆಲ್ಲ ಅಡ್ಡಾನೇ ಆಕಾದು. ಇಡ್ಕತ್ತದೆ ನೋಡು, ಉಡಾ ಇಡ್ದಂಗೆ."

ಅಡ್ಡ ಹಾಕುವುದೆಂದರೆ ಬೆಲ್ಟನ್ನು ನಡುವೆ ಒಂದು ಸಲ ತಿರುಚಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ಹಾಕುವುದು. ಆಗ ಬೆಲ್ಟು ಪುಲ್ಲಿಯನ್ನು ಹೆಚ್ಚು ತಬ್ಬಿಕೊಳ್ಳುತ್ತದೆ, ಜಾರುವುದಿಲ್ಲ. ಆಲೆಮನೆಯವರ ಪದ್ಧತಿ ಅದು. ಬಾವ ನನ್ನ ಮುಖ ನೋಡಿದ. ಲೆಕ್ಕ ಏನಾಗುತ್ತದೆ ಎಂಬುದು ಅವನ ಪ್ರಶ್ನೆ.

"ಲೆಕ್ಕ ಬದಲಾಗಲ್ಲ ಬಾವ. ಅಡ್ಡ ಹಾಕಿದ್ರೂ ಒಂದಕ್ಕೆ ಎರಡೇ" ಎಂದೆ ನಾನು.

ನಿಜವನ್ನೇ ಹೇಳಿದ್ದೆ. ಸುತ್ತುಗಳ ಸಂಖ್ಯೆ ಬದಲಾಗಲಿಲ್ಲ. ತಿರುಗುವ ದಿಕ್ಕು ಬದಲಾಯಿತು.

ಅದು ಎಲ್ಲರಿಗೂ ಕೂಡಲೇ ತಿಳಿಯಿತು. ಹಲ್ಲುಗಳ ಬೆನ್ನು ಮರಕ್ಕೆ ಉಜ್ಜಿ ಹೊಗೆ ಬಂತು, ಮರ ಕುಯ್ಯಲಿಲ್ಲ. "ಸೌದೆ ಕುಯ್ಯಾದ್ ಬ್ಯಾಡ, ಇಲ್ಲೇ ಅತ್ತಿಸ್ಬುಟ್ಟು ಅನ್ನ ಮಾಡ್ಬುಡಿ" ಎಂದ ಸಿದ್ದಣ್ಣ. ಎಲ್ಲರೂ ನಕ್ಕೆವು. ನಗುವಿನಲ್ಲೇ ಬೋರಣ್ಣ ಪರಿಹಾರ ಹೇಳಿದ. ಚಕ್ರವನ್ನು ಕಳಚಿ ಮಗ್ಗಲು ತಿರುಗಿಸಿ ಹಾಕಿದರೆ ಹಲ್ಲು ಸರಿಯಾಗುತ್ತದೆ. ಆದರೆ ಆಗ ಹಲ್ಲು ಸಿದ್ದಣ್ಣನ ಕಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬರುತ್ತದೆ, ದಿಮ್ಮಿಯನ್ನು ಎತ್ತಿ ಎಸೆಯುತ್ತದೆ. ಅದಕ್ಕೂ ಉತ್ತರ ಸಿಕ್ಕಿತು.

"ನಾನೇ ಆ ಕಡೀಕೋಗಿ ನಿಂತ್ಕತೀನಿ ಬುಡಿ" ಎಂದ ಸಿದ್ದಣ್ಣ. "ಅಲ್ಲಿಂದ ಒತ್ತುದ್ರೆ ಮೊದ್ಲಂಗೇಯ."

ಸರಿಯೇ. ಮೇಜಿನ ಆಚೆ ಕಡೆಯಿಂದ ನೋಡಿದರೆ ಎಲ್ಲವೂ ಮೊದಲಿನ ಹಾಗೆಯೇ. ಬೆಲ್ಟು ತಿರುಗಿತು, ಚಕ್ರ ತಿರುಗಿತು, ಮನುಷ್ಯನೂ ತಿರುಗಿ ನಿಂತ. ತಿರುಗದೆ ಉಳಿದದ್ದು ಒಂದೇ.

ಚಕ್ರ ಕಳಚಲು ಸಿದ್ದಣ್ಣ ದೊಡ್ಡ ಸ್ಪ್ಯಾನರು ತಂದ. ಶಾಫ್ಟಿನ ತುದಿಯಲ್ಲಿ ನಿಂಬೆಹಣ್ಣಿಗಿಂತ ದಪ್ಪದ ಒಂದು ನಟ್ಟು. ಬೋರಣ್ಣ ಎಂದಿನಂತೆ ಎಡಕ್ಕೆ ತಿರುಗಿಸಲು ಹೋದ. ಅದು ಅಲುಗಲಿಲ್ಲ.

"ಅಂಗಲ್ಲ, ಅಂಗಲ್ಲ" ಎಂದು ಸಿದ್ದಣ್ಣ ಸ್ಪ್ಯಾನರು ಕಿತ್ತುಕೊಂಡ. "ಇದು ನಮ್ಮತ್ತೆ ಇದ್ದಂಗೆ. ಊರೆಲ್ಲ ಒಂದು ದಾರಿ ಆದ್ರೆ ಇವಳದ್ದೇ ಒಂದು ದಾರಿ. ಬಿಚ್ಬೇಕು ಅಂದ್ರೆ ಬಲಕ್ಕೆ."

ಮತ್ತೆ ನಕ್ಕೆವು. ನಾನು ಆ ಮಾತನ್ನು ಕೇಳಿದೆ, ನಕ್ಕೆ, ಒಂದು ಕ್ಷಣವೂ ಅದರ ಬಗ್ಗೆ ಯೋಚಿಸಲಿಲ್ಲ. ಆ ನಟ್ಟು ಯಾಕೆ ಉಲ್ಟಾ ಎಂದು ಯೋಚಿಸಿದ್ದರೆ ಐದನೇ ಕ್ಲಾಸಿನ ಮಗುವಿಗೂ ಹೊಳೆಯುತ್ತಿತ್ತು. ಗರಗಸ ತಿರುಗಿದಷ್ಟೂ ತಾನೇ ಬಿಗಿಯಾಗಲಿ ಎಂದು ಅದನ್ನು ಹಾಗೆ ಮಾಡಿರುತ್ತಾರೆ. ಗರಗಸವನ್ನು ಎದುರು ದಿಕ್ಕಿಗೆ ತಿರುಗಿಸಿದರೆ, ತಿರುಗಿದಷ್ಟೂ ಸಡಿಲ.

ಸಿದ್ದಣ್ಣ ಚಕ್ರವನ್ನು ಮಗುಚಿ ಹಾಕಿ, ಸ್ಪ್ಯಾನರಿನ ಮೇಲೆ ಕಾಲಿಟ್ಟು ನಟ್ಟನ್ನು ಬಿಗಿಮಾಡಿದ. ಅದಾದ ಮೇಲೆ ನಾನು ಬಗ್ಗಿ ಸೀಮೆಸುಣ್ಣದಿಂದ ನಟ್ಟಿನ ಮೇಲಿಂದ, ಅದರ ಕೆಳಗಿನ ದಪ್ಪ ಬಿಲ್ಲೆಯವರೆಗೆ ಒಂದು ಗೆರೆ ಎಳೆದೆ. ಒಂದಕ್ಕೆ ಎರಡು ಸುತ್ತು ಬರುತ್ತದೆಯೋ ಇಲ್ಲವೋ ಮತ್ತೊಮ್ಮೆ ಎಣಿಸಬೇಕಾಗಿತ್ತು, ಗೆರೆ ಅದಕ್ಕೆ. ಟ್ರಾಕ್ಟರಿನ ಕಡೆಯ ಪುಲ್ಲಿಯನ್ನು ಬೋರಣ್ಣ ಕೈಯಲ್ಲಿ ಒಂದು ಸುತ್ತು ತಿರುಗಿಸಿದ. ನನ್ನ ಗೆರೆ ಸರಿಯಾಗಿ ಎರಡು ಸುತ್ತು ಬಂದು ಮೇಲೆ ನಿಂತಿತು. ಬಹಳ ನೇರವಾದ ಗೆರೆ. ಬೋರ್ಡಿನ ಮೇಲೆ ಎಳೆದು ಎಳೆದು ಪಳಗಿದ ಕೈ. ಗೆರೆಯನ್ನು ನೋಡಿ ನಾನು ಸಂತೋಷಪಟ್ಟದ್ದು ನೆನಪಿದೆ.

ಹನ್ನೆರಡೂಕಾಲರಿಂದ ಎರಡರವರೆಗೆ ಗರಗಸ ಚೆನ್ನಾಗಿ ಓಡಿತು. ಹುಣಸೆ, ಜಾಲಿ, ಹೊಂಗೆ, ಯಾವುದಕ್ಕೂ ಬೆಲ್ಟು ಜಾರಲಿಲ್ಲ. ಪುಟ್ಟ ಟ್ರಾಕ್ಟರು ಮುದುಕ ಕೆಮ್ಮುವ ಹಾಗೆ ಕೆಮ್ಮುತ್ತ, ದಪ್ಪ ದಿಮ್ಮಿ ಬಂದಾಗ ತಲೆ ತಗ್ಗಿಸಿ ದುಡಿಯಿತು. ಸಿದ್ದಣ್ಣನಿಗೆ ಮಾತ್ರ ಹೊಸ ಜಾಗ ಹಿಡಿಸಲಿಲ್ಲ. ಪಾದ ಇಡಲು ತಗ್ಗಿಲ್ಲ. ಎಡಗಾಲು ಮುಂದಿಡುವುದೋ ಬಲಗಾಲೋ ಎಂದು ಪ್ರತಿ ದಿಮ್ಮಿಗೂ ಒಮ್ಮೆ ತಡವರಿಸುತ್ತಿದ್ದ. "ಮದ್ವೆ ಆಗಿ ಒಸಾ ಮನೇಗ್ ಬಂದಂಗದೆ" ಎಂದ.

ಎರಡು ಗಂಟೆಗೆ ಟ್ರಾಕ್ಟರು ನಿಲ್ಲಿಸಿ ಉಣ್ಣಲು ಕೂತೆವು. ಮುದ್ದೆ, ಹುರುಳಿಕಾಳಿನ ಉಪ್ಸಾರು. ನಾನು ಬೇಗ ಉಂಡು, ಕೈ ತೊಳೆದು, ಗರಗಸದ ಹತ್ತಿರ ಹೋದೆ. ನನ್ನ ಗೆರೆಯನ್ನು ನೋಡಲು ಹೋದೆ ಎಂದೇ ಹೇಳಬೇಕು.

ಗೆರೆ ಎರಡು ತುಂಡಾಗಿತ್ತು.

ಬಿಲ್ಲೆಯ ಮೇಲಿನ ತುಂಡು ಒಂದು ಕಡೆ, ನಟ್ಟಿನ ಮೇಲಿನ ತುಂಡು ಒಂದು ಬೆರಳಗಲ ಆಚೆಗೆ. ಮೂಡಿದ್ದು ಮಬ್ಬಾಗಿ, ಹೊಟ್ಟು ಮೆತ್ತಿಕೊಂಡು, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ. ಸಿದ್ದಣ್ಣ ಆಗಲೇ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೇಜಿನ ಕೆಳಗೆ ಬಿದ್ದ ತೊಗಟೆಯನ್ನು ಬಾಚಿ ತೆಗೆಯುತ್ತಿದ್ದ. ನಾನು ಬಗ್ಗಿ ನಿಂತಿದ್ದೆ. ಸೀಮೆಸುಣ್ಣ ಕೈಯಲ್ಲಿತ್ತು. ಗೆರೆ ಎಳೆದದ್ದು ನಟ್ಟು ಬಿಗಿ ಮಾಡುವ ಮೊದಲೋ ಆಮೇಲೋ ಎಂದು ನನ್ನನ್ನೇ ಕೇಳಿಕೊಂಡೆ. ಆಮೇಲೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ಮೊದಲೇ ಇರಬಹುದು ಎಂದುಕೊಂಡೆ. ಸಿದ್ದಣ್ಣ ಇನ್ನೊಂದು ಸಲ ಬಿಗಿ ಮಾಡಿರಬಹುದು ಎಂದೂ ಅಂದುಕೊಂಡೆ. ಅವನು ಒಂದು ಮಾರಿನಷ್ಟೂ ದೂರವಿರಲಿಲ್ಲ. ಕೇಳಬಹುದಾಗಿತ್ತು.

ಅಷ್ಟರಲ್ಲಿ ಬಾವ ಕೂಗಿದ. "ಏನ್ ಮೇಷ್ಟ್ರೆ, ಇನ್ನೂ ಲೆಕ್ಕ ಮುಗೀಲಿಲ್ವಾ? ಬೆಳಗ್ಗಿಂದ ಬರೀ ಲೆಕ್ಕಾನೇ ಆಯ್ತು. ನಾಗಮಂಗಲದೋರು ಒಲೆಗೆ ನಿನ್ ಲೆಕ್ಕದ ಪುಸ್ತಕ ಆಕ್ಕತಾರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡೆ. ಟ್ರಾಕ್ಟರು ಶುರುವಾಯಿತು.

ಮೂರು ದಿಮ್ಮಿ ಕುಯ್ದದ್ದನ್ನು ಎಣಿಸಿದ್ದೇನೆ. ನಾಲ್ಕನೆಯದು ಹೊಂಗೆ, ತೊಡೆ ಗಾತ್ರದ್ದು. ಅದರ ನಡುವೆ ಗರಗಸದ ದನಿ ಬದಲಾಯಿತು. ಒಂದು ಗಂಟೆ ಹೊಡೆದ ಹಾಗೆ ಶಬ್ದ. ಚಕ್ರ ಶಾಫ್ಟಿನಿಂದ ಕಳಚಿ ಮೇಜಿನ ಕಾಲುಗಳ ನಡುವೆ ನೆಲಕ್ಕೆ ಬಿತ್ತು. ಬಿದ್ದು ಮಲಗಲಿಲ್ಲ. ನಿಂತೇ ಇತ್ತು, ತಿರುಗುತ್ತಿತ್ತು. ಒಂದು ಗಳಿಗೆ ನೆಲದ ಹೊಟ್ಟನ್ನು ಹಿಂದಕ್ಕೆ ಎಸೆಯುತ್ತ ಇದ್ದಲ್ಲೇ ಇತ್ತು. ಆಮೇಲೆ ಗಾಡಿಯ ಚಕ್ರದ ಹಾಗೆ ಉರುಳಿತು, ಸಿದ್ದಣ್ಣ ನಿಂತಿದ್ದ ಕಡೆಗೆ.

ಅವನು ಹಾರಿದ. ಆದರೆ ಯಾವ ಕಾಲು ಮೊದಲು ಎಂದು ಅವನ ಕಾಲುಗಳಿಗೆ ಗೊತ್ತಿರಲಿಲ್ಲ. ಎಡಗಾಲು ಉಳಿದುಕೊಂಡಿತು. ಚಕ್ರ ಕಣಕಾಲಿನ ಮೇಲಿಂದ ಹಾದುಹೋಗಿ ಹದಿನೈದು ಅಡಿ ಆಚೆ ಜೋಡಿಸಿದ್ದ ಸೌದೆಯಲ್ಲಿ ಕಚ್ಚಿಕೊಂಡು ನಿಂತಿತು. ಸಿದ್ದಣ್ಣ ಕೂಗಲಿಲ್ಲ. ನೆಲದ ಮೇಲೆ ಕೂತು ಟವೆಲ್ಲು ಕೊಡಿ ಎನ್ನುವಂತೆ ಬಾವನ ಕಡೆಗೆ ಕೈ ಚಾಚಿದ. ಬಾವ ಅವತ್ತೆಲ್ಲ ತಲೆಗೂ ಸೊಂಟಕ್ಕೂ ಕಟ್ಟಿಕೊಂಡಿದ್ದ ಟವೆಲ್ಲನ್ನು ಅವನ ಕಾಲಿಗೆ ಕಟ್ಟಿದ. ಸೌದೆಗೆಂದು ಹೊತ್ತಿಗೆ ಮುಂಚೆಯೇ ಬಂದ ಲಾರಿಯಲ್ಲೇ ಅವನನ್ನು ಮೈಸೂರಿಗೆ ಕರೆದುಕೊಂಡು ಹೋದರು.

ನಾನು ಹೋಗಲಿಲ್ಲ. ಹೊಟ್ಟಿನಲ್ಲಿ ಕೈಯಾಡಿಸಿ ನಟ್ಟನ್ನು ಹುಡುಕುತ್ತಿದ್ದೆ. ಸಿಕ್ಕಿತು. ಮುರಿದಿರಲಿಲ್ಲ, ಸವೆದಿರಲಿಲ್ಲ. ಒಳಗಿನ ಸುತ್ತುಗಳು ಹೊಸದರ ಹಾಗೆ ಹೊಳೆಯುತ್ತಿದ್ದವು. ತಾನಾಗಿ ಬಿಚ್ಚಿಕೊಂಡು ಬಂದಿತ್ತು, ಅಷ್ಟೇ. ಒಂದು ಮಗ್ಗುಲಲ್ಲಿ ನನ್ನ ಗೆರೆಯ ಅರ್ಧ ಇನ್ನೂ ಇತ್ತು. ನಾನು ಅದನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟೆ. ಈ ಪ್ರಬಂಧದಲ್ಲಿ ನಾನು ಬರೆಯಬೇಕೆಂದಿದ್ದ ವಾಕ್ಯ ಇದೊಂದೇ. ಉಳಿದದ್ದೆಲ್ಲ ಇದರವರೆಗೆ ಬರುವ ದಾರಿ.

ಕಾಲು ಉಳಿಯಿತು, ಆದರೆ ಕಣಕಾಲು ಮಡಚುವುದಿಲ್ಲ. ಬಾವ ಟ್ರಾಕ್ಟರನ್ನು ಮತ್ತೆ ಗರಗಸಕ್ಕೆ ಹೂಡಲಿಲ್ಲ, ಗದ್ದೆಗೆ ನೀರೆತ್ತಲು ಇಟ್ಟ. ಊರಿನವರೆಲ್ಲ ಟ್ರಾಕ್ಟರನ್ನೇ ಬೈದರು. ಗಳಿಗೆ ಸರಿಯಿಲ್ಲದ ಗಾಡಿ, ಕೋಳಿಯ ಗೂಡು ಕಿತ್ತು ತಂದದ್ದು, ಹೀಗೆ. ಬೋರಣ್ಣ ನಟ್ಟನ್ನು ಬೈದ. ಬಾವ ತನ್ನನ್ನೇ ಬೈದುಕೊಂಡ. ಬೈಸಿಕೊಳ್ಳದೆ ಉಳಿದವನು ನಾನೊಬ್ಬನೇ. "ಪಾಪ, ಮೇಷ್ಟ್ರು ಲೆಕ್ಕ ಸರಿಯಾಗೇ ಇತ್ತು" ಎಂದು ಬಾವ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಅವನು ಹಾಗೆ ಹೇಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಕೂತಲ್ಲಿ ಕೂರಲಾಗದ ಕಾಯಿಲೆ ಆಗ ಶುರುವಾದದ್ದು.

ಆಸ್ಪತ್ರೆಗೆ ಒಮ್ಮೆ ಹೋಗಿದ್ದೆ. ಮೂಸಂಬಿ ತೆಗೆದುಕೊಂಡು ಹೋಗಿ, ಮೂಸಂಬಿ ಕೊಟ್ಟು ಬಂದೆ. ಅಷ್ಟೇ ಆಯಿತು. ಆಮೇಲೆ ಸಿದ್ದಣ್ಣ ತನ್ನ ಹೆಂಡತಿಯ ಊರಾದ ಗಂಜಾಂಗೆ ಹೋದ. ಅಲ್ಲಿ ನಿಮಿಷಾಂಬ ದೇವಸ್ಥಾನದ ದಾರಿಯಲ್ಲಿ ತಳ್ಳುಗಾಡಿಯಲ್ಲಿ ಹಣ್ಣುಕಾಯಿ ಮಾರುತ್ತಾನೆಂದು ಬಾವ ಹೇಳಿದ. ಐದಾರು ವರ್ಷ ನಾನು ಗಂಜಾಂ ಕಡೆ ತಲೆ ಹಾಕಲಿಲ್ಲ. ಜಯಮ್ಮ ಪ್ರತಿ ಹುಣ್ಣಿಮೆಗೂ ಕರೆಯುತ್ತಿದ್ದಳು. ನನಗೆ ತಲೆನೋವು, ಪೇಪರ್ ತಿದ್ದುವುದು, ಬಸ್ಸಿನ ಚಕ್ರ. ನೆಪಗಳಲ್ಲಿ ನಾನು ಬಡವನಲ್ಲ.

ಈ ವರ್ಷ ಹೋದೆ. ನೆಪ ಮುಗಿದಿತ್ತು. ಜಯಮ್ಮ ಸಾಲಿನಲ್ಲಿ ನಿಂತು ಒಳಗೆ ಹೋದಳು. ನಾನು ಕಾವೇರಿಯ ಮೆಟ್ಟಿಲವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ, ಮೂರನೆಯ ಸಲ ತಳ್ಳುಗಾಡಿಯ ಮುಂದೆ ನಿಂತೆ.

"ಮೇಷ್ಟ್ರೇ!" ಎಂದ ಸಿದ್ದಣ್ಣ. ಕೂದಲು ನೆರೆತಿತ್ತು. "ಆಗ್ಲಿಂದ ನೋಡ್ತಾವ್ನಿ, ಅತ್ತಗೋಯ್ತೀರಿ, ಇತ್ತಗ್ಬತ್ತೀರಿ. ಹೊಳೆ ಅಳೀತಾವ್ರಾ ಅಂದ್ಕಂಡೆ."

ನಾನು ಹೇಳಬೇಕೆಂದಿದ್ದನ್ನು ನಿಂತ ನಿಲುವಿಗೇ ಹೇಳಿಬಿಟ್ಟೆ.





ಗೆರೆ ಎಳೆದದ್ದು ನಟ್ಟು ಬಿಗಿಯಾದ ಮೇಲೆ. ಉಂಡು ಬಂದಾಗ ಅದು ಬೆರಳಗಲ ಸರಿದಿತ್ತು. ನಾನು ನೋಡಿದೆ. ಹೇಳಲಿಲ್ಲ. ನಗುತ್ತಾರೆಂದು ಹೇಳಲಿಲ್ಲ. ಆಮೇಲೆ ನಟ್ಟಿನ ಮೇಲಿನ ಗೆರೆಯನ್ನು ಒರೆಸಿದೆ.

ಸಿದ್ದಣ್ಣ ಬಾಳೆಹಣ್ಣಿನ ಚಿಪ್ಪಿನಿಂದ ಒಂದು ಕೊಳೆತ ಹಣ್ಣನ್ನು ತೆಗೆದು ಹಿಂದಕ್ಕೆ ಎಸೆದ. ಹತ್ತಿರ ಬಂದ ಹಸುವನ್ನು ಗದರಿಸಿದ. ಆಮೇಲೆ ಹೇಳಿದ.

"ನಾನೂ ನೋಡ್ದೆ ಮೇಷ್ಟ್ರೇ."

ಚಿಪ್ಪನ್ನು ಮತ್ತೆ ಗಾಡಿಯ ಮೇಲೆ ಇಟ್ಟ.

"ಅಲ್ಲೇ ಕುಂತಿದ್ನಲ್ಲ, ತೊಗಟೆ ತೆಗೀತಾ. ಗೆರೆ ಸರ್ದಿತ್ತು. ನಿಮ್ ಮಕ ನೋಡ್ದೆ. ನೀವು ಬಗ್ಗಿ ನೋಡುದ್ರಿ, ನಕ್ಕುದ್ರಿ, ಸುಣ್ಣದ ಕಡ್ಡಿ ಜೇಬ್ಗಾಕ್ಕಂಡ್ರಿ. ಮೇಷ್ಟ್ರು ನೋಡವ್ರಲ್ಲ, ಸರಿಯಾಗೇ ಇರ್ತದೆ ಅಂದ್ಕಂಡು ನಾನು ದಿಮ್ಮಿ ಎತ್ಕಂಡೆ."

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. ಯಾರೋ ಹೂವು ಕೇಳಿದರು, ಅವನು ಮೊಳ ಹಾಕಿ ಕೊಟ್ಟ. ಆಮೇಲೆ ನನ್ನ ಅಂಗಿಯ ಜೇಬನ್ನು ನೋಡಿದ.

"ಈಗ್ಲೂ ಮಡಿಕಂಡಿದ್ದೀರಾ ಸುಣ್ಣದ ಕಡ್ಡಿಯ?"

ತೆಗೆದು ತೋರಿಸಿದೆ.

"ಬಲಗಡೆ ಗಾಲಿ ನಟ್ಟು ಆಗಾಗ ಸಡ್ಲಾಯ್ತದೆ. ಅದ್ಕೊಂದು ಗೆರೆ ಎಳೀರಿ. ಸರ್ದ್ರೆ ಬಾಯ್ ಬುಟ್ ಯೋಳ್ಬೇಕು ಮತ್ತೆ, ಆಯ್ತಾ?"

ನಾನು ತಳ್ಳುಗಾಡಿಯ ಪಕ್ಕ ಮಂಡಿಯೂರಿದೆ. ಮೊದಲು ಅಪ್ಪನ ಹಾಗೆ ನಟ್ಟನ್ನು ಬೆರಳಿನಿಂದ ಮುಟ್ಟಿದೆ. ಆಮೇಲೆ ಗೆರೆ ಎಳೆದೆ. ಸೊಟ್ಟಗೆ ಬಂತು. ಒರೆಸಲು ಹೆಬ್ಬೆರಳು ಇಟ್ಟವನು ತೆಗೆದುಕೊಂಡೆ.

ಈಗ ಪ್ರತಿ ಹುಣ್ಣಿಮೆಗೂ ಗಂಜಾಂಗೆ ನಾನೇ ಮೊದಲು ಹೊರಡುತ್ತೇನೆ. ಜಯಮ್ಮನಿಗೆ ಬಹಳ ಸಂತೋಷ. ಗುಡಿಗೆ ಹೋಗುವ ಮೊದಲು ಹಣ್ಣುಕಾಯಿಯ ಗಾಡಿಯ ಹತ್ತಿರ ನಾನು ಬಗ್ಗಿ ನೆಲದವರೆಗೂ ತಲೆ ತಗ್ಗಿಸುವುದನ್ನು ಅವಳು ನಮಸ್ಕಾರ ಎಂದುಕೊಂಡಿದ್ದಾಳೆ.